ಕಾಯುತ್ತಾ ಕುಳಿತವರ ದುಃಖ ಯಾರ ಹೊಣೆ?

ಸಾವಿನ ಮನೆಗೆ ಹೋದಾಗ ನಾವೆಲ್ಲ ಆಡುವ ಮಾತುಗಳು ಎರಡೋ ಮೂರೋ ಇವೆ. 'ಧೈರ್ಯ ತಂದುಕೊಳ್ಳಿ', 'ದೇವರ ಇಚ್ಛೆ, ನಮ್ಮ ಕೈಯಲ್ಲಿ ಏನಿದೆ?', 'ಮಕ್ಕಳ ಮುಖ ನೋಡಿ ಎಲ್ಲವನ್ನೂ ಮರೆಯಬೇಕು'. ಈ ಮಾತುಗಳಲ್ಲಿ ಕಪಟವಿಲ್ಲ. ಹೇಳುವವರ ಮನಸ್ಸೂ ಭಾರವಾಗಿಯೇ ಇರುತ್ತದೆ. ಆದರೆ ಹೇಳಿ ಮುಗಿಸಿ, ಚಪ್ಪಲಿ ಮೆಟ್ಟಿಕೊಂಡು ಅಂಗಳ ದಾಟುವಾಗ ನಮಗೆ ಸ್ವಲ್ಪ ಹಗುರವೆನಿಸುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ನಮ್ಮ ಕರ್ತವ್ಯ ಮುಗಿಯಿತು, ಉಳಿದದ್ದು ಆ ಮನೆಯವರದು.

ಒಬ್ಬಿಬ್ಬರ ಸಾವಿನಲ್ಲಿ ನಾವು ಮಾಡುವುದನ್ನೇ ದೊಡ್ಡ ದುರಂತಗಳಲ್ಲಿ ಇಡೀ ಸಮಾಜ ಮಾಡುತ್ತದೆ. ಮೊದಲ ವಾರ ಊರಿಗೆ ಊರೇ ಓಡಿ ಬರುತ್ತದೆ. ಮಂತ್ರಿಗಳು ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ, ಅಕ್ಕಿ ಬಟ್ಟೆ ಬರುತ್ತದೆ. ಆರು ತಿಂಗಳ ಮೇಲೆ ಆ ಬಾಗಿಲನ್ನು ತಟ್ಟುವವರು ಯಾರು? ಆ ಹೊತ್ತಿಗೂ ನಿದ್ದೆ ಬಾರದ ತಾಯಿ, ಶಾಲೆಗೆ ಹೋಗಲೊಲ್ಲದ ಮಗು, ಕುಡಿತಕ್ಕೆ ಬಿದ್ದ ಅಣ್ಣ - ಇವರ ಸಂಕಟ ಅವರ ಹಣೆಬರಹವೇ? ಒಂದು ಕಾಯಿಲೆಯೇ? ಅಥವಾ ನಾವು ತೀರಿಸದೆ ಉಳಿಸಿಕೊಂಡ ಸಾಲವೇ? ಈ ಲೇಖನದ ಪ್ರಶ್ನೆ ಇಷ್ಟೇ.

ನಮ್ಮ ಕರಾವಳಿಗೆ ರಕ್ಷಣೆಯ ದೃಶ್ಯ ಹೊಸದಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬೀಸಿದಾಗ ಕಾಪುವಿನ ಕಡಲಲ್ಲಿ ಟಗ್ ಒಂದು ಬಂಡೆಗಳ ನಡುವೆ ಸಿಲುಕಿತ್ತು. ಅದರಲ್ಲಿದ್ದ 9 ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆ ಪಾರು ಮಾಡಿದವು. ಸುದ್ದಿ ಕೇಳಿದವರೆಲ್ಲ ನಿಟ್ಟುಸಿರು ಬಿಟ್ಟರು. ಹೀಗೆ ಜೀವ ಉಳಿದರೆ ಕಥೆ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ಸಾವಿನ ದವಡೆಯಲ್ಲಿ ರಾತ್ರಿಗಳನ್ನು ಕಳೆದು ಬಂದವನು ಮತ್ತೆ ಅಲೆಯ ಸದ್ದು ಕೇಳಿದಾಗ ಏನಾಗುತ್ತಾನೆ ಎಂದು ನಾವು ಕೇಳುವುದಿಲ್ಲ. ಬದುಕಿ ಬಂದವನ ಪಾಡೇ ಹೀಗಾದರೆ, ಬಾರದವರ ಮನೆಯ ಪಾಡೇನು?

ಅದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ, ಮಲ್ಪೆಗೆ ಹೋದರೆ ಸಾಕು. 2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ 'ಸುವರ್ಣ ತ್ರಿಭುಜ' ಎಂಬ ದೋಣಿ 7 ಮಂದಿ ಮೀನುಗಾರರನ್ನು ಹೊತ್ತು ಆಳಸಮುದ್ರಕ್ಕೆ ಹೊರಟಿತು. ಅವರಲ್ಲಿ ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಡಿಸೆಂಬರ್ 15ರ ರಾತ್ರಿಯ ನಂತರ ದೋಣಿಯ ಸಂಪರ್ಕವೇ ಕಡಿಯಿತು. ಹುಡುಕಾಟ ನಡೆಯಿತು, ಸುಳಿವು ಸಿಗಲಿಲ್ಲ. ಯಾವುದೋ ಹಡಗು ಬಡಿಯಿತೇ? ಯಾರಾದರೂ ಅಪಹರಿಸಿದರೇ? ಎಲ್ಲಿಯೋ ಸೆರೆಯಲ್ಲಿ ಬದುಕಿದ್ದಾರೆಯೇ? ಒಂದೊಂದು ದಿನ ಒಂದೊಂದು ಊಹೆ ಹುಟ್ಟುತ್ತಿತ್ತು. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ದೋಣಿಗಳನ್ನು ದಡದಲ್ಲಿ ಕಟ್ಟಿಹಾಕಿ ಹೆದ್ದಾರಿಗಿಳಿದರು. ಅವರ ಮುಖ್ಯ ಬೇಡಿಕೆ ಹಣವಾಗಿರಲಿಲ್ಲ. 'ನಮ್ಮವರು ಎಲ್ಲಿದ್ದಾರೆ ಹೇಳಿ' ಎಂಬುದಾಗಿತ್ತು. ಕೊನೆಗೆ ಆ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ್ ಕಡಲ ತಳದಲ್ಲಿ ದೋಣಿಯ ಅವಶೇಷವನ್ನು ಗುರುತಿಸಿತು. ದೋಣಿ ಸಿಕ್ಕಿತು, ಮನುಷ್ಯರು ಮನೆಗೆ ಬರಲಿಲ್ಲ.

ಡಿಸೆಂಬರ್‌ನಿಂದ ಮೇವರೆಗಿನ ಆ ನಾಲ್ಕೂವರೆ ತಿಂಗಳು ಆ ಏಳು ಮನೆಗಳಲ್ಲಿ ಏನಿತ್ತು? ಶೋಕವೆಂದರೆ ಶೋಕವಲ್ಲ, ಭರವಸೆಯೆಂದರೆ ಭರವಸೆಯೂ ಅಲ್ಲ. ಅತ್ತರೆ, ಬದುಕಿರುವವನನ್ನು ನಾವೇ ಕೊಂದಂತಾಗುತ್ತದೆ ಎಂಬ ಭಯ. ಅಳದಿದ್ದರೆ ಎದೆ ಒಡೆಯುತ್ತದೆ. ಅಮೆರಿಕದ ಸಂಶೋಧಕಿ ಪೌಲೀನ್ ಬಾಸ್ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಭ್ಯಸಿಸುತ್ತಾ ಈ ಸ್ಥಿತಿಗೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು 'ಅಸ್ಪಷ್ಟ ನಷ್ಟ' ಎನ್ನಬಹುದು. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದಾಗ ದೇಹ ಸಿಗದವರ ಕುಟುಂಬಗಳೊಂದಿಗೂ ಅವರು ಕೆಲಸ ಮಾಡಿದರು. ಅವರ ಮಾತಿನ ತಿರುಳು ಇದು: ಇಂಥ ಮನೆಯವರು ವಿಚಿತ್ರವಾಗಿ ನಡೆದುಕೊಂಡರೆ ದೋಷ ಅವರ ಮನಸ್ಸಿನಲ್ಲಿಲ್ಲ, ಅವರು ಸಿಲುಕಿರುವ ಪರಿಸ್ಥಿತಿಯೇ ಅಸಹಜವಾದುದು.

ನಮ್ಮ ಸಂಪ್ರದಾಯಗಳನ್ನು ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಹಿಂದೂ ಮನೆಗಳಲ್ಲಿ ಹದಿಮೂರನೆಯ ದಿನ, ತುಳುವರ ಬೊಜ್ಜ, ವರ್ಷದ ಶ್ರಾದ್ಧ. ಮುಸ್ಲಿಮರಲ್ಲಿ ವಿಧವೆಯ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್. ಕ್ರೈಸ್ತರಲ್ಲಿ ಸತ್ತವರಿಗಾಗಿ ಸಲ್ಲಿಸುವ ಪೂಜೆ. ಹೆಸರು ಬೇರೆಯಾದರೂ ಇವೆಲ್ಲ ದುಃಖಕ್ಕೆ ಒಂದು ದಾರಿ ಮಾಡಿಕೊಡುತ್ತವೆ. ಇಲ್ಲಿಂದ ಇಲ್ಲಿಯವರೆಗೆ ಅಳು, ನಾವು ಜೊತೆಗಿದ್ದೇವೆ, ಆ ಮೇಲೆ ನಿಧಾನವಾಗಿ ಬದುಕಿಗೆ ಮರಳು ಎನ್ನುತ್ತವೆ. ಆದರೆ ಇವೆಲ್ಲಕ್ಕೂ ಲೆಕ್ಕ ಶುರುವಾಗಲು ಒಂದು ದಿನಾಂಕ ಬೇಕು. ಸತ್ತನೆಂಬುದೇ ಖಚಿತವಿಲ್ಲದಿದ್ದರೆ ಮೊದಲ ದಿನ ಯಾವುದು?

ಕಾನೂನಿಗೂ ಇದೇ ತೊಡಕು. ಏಳು ವರ್ಷ ಸುದ್ದಿಯೇ ಇಲ್ಲದವನನ್ನು ಸತ್ತನೆಂದು ಭಾವಿಸಬಹುದೆಂದು 1872ರ ಸಾಕ್ಷ್ಯ ಕಾಯಿದೆ ಹೇಳಿತ್ತು. ಅದರ ಬದಲಿಗೆ 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯೂ ಅದನ್ನೇ ಉಳಿಸಿಕೊಂಡಿದೆ. ಪತಿ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ ಪತ್ನಿ ನ್ಯಾಯಾಲಯದಲ್ಲಿ ವಿಚ್ಛೇದನ ಕೇಳಬಹುದೆಂದು 1939ರ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯಿದೆ ಹೇಳುತ್ತದೆ. ಕಾಯುವಿಕೆಗೆ ಎಲ್ಲಿಯಾದರೂ ಒಂದು ಕೊನೆ ಇರಬೇಕೆಂದು ಕಾನೂನು ಮಾಡಿದವರಿಗೂ ತಿಳಿದಿತ್ತು. ಹಾಗಿರುವಾಗ, ಹುಡುಕುವ ಕೆಲಸ ಕೇವಲ ತಾಂತ್ರಿಕ ಕೆಲಸವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕೇರಳದ ಲಾರಿ ಚಾಲಕನೊಬ್ಬ ಲಾರಿ ಸಮೇತ ಕಾಣೆಯಾದ. ಗಂಗಾವಳಿ ನದಿಯಿಂದ ಅವನ ದೇಹವನ್ನು ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಸತ್ತವನಿಗಾಗಿ ಇಷ್ಟೆಲ್ಲ ಖರ್ಚೇಕೆ ಎಂದು ಕೇಳಿದವರಿದ್ದಾರೆ. ಆ ಖರ್ಚು ಸತ್ತವನಿಗಾಗಿ ಅಲ್ಲ. ಬಾಗಿಲ ಬಳಿ ಕುಳಿತವರು ಎದ್ದು ಒಳಗೆ ಹೋಗಲಿ ಎಂಬುದಕ್ಕಾಗಿ.

ಇಲ್ಲಿ ಒಂದು ಆಕ್ಷೇಪ ಬರಬಹುದು. ದುಃಖ ಮನುಷ್ಯ ಸಹಜ, ಅದನ್ನು ವೈದ್ಯರ ಕೈಗೆ ಕೊಟ್ಟು ರೋಗವೆಂದು ಕರೆಯುವುದು ಸರಿಯೇ? ಈ ಆಕ್ಷೇಪದಲ್ಲಿ ಸತ್ಯವಿದೆ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ 'ದೀರ್ಘಕಾಲಿಕ ಶೋಕ'ವೂ ಒಂದು ವ್ಯಾಧಿಯಾಗಿ ಸೇರಿದೆ. ಬದುಕನ್ನೇ ನಿಲ್ಲಿಸಿಬಿಡುವಂಥ ತೀವ್ರ ಶೋಕ ಆರು ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಎಂಬುದು ಅದರ ಒಂದು ಅಳತೆ. ಮಗನನ್ನು ಕಳೆದುಕೊಂಡ ತಾಯಿಗೆ ಕ್ಯಾಲೆಂಡರ್ ಹಿಡಿದು ಆರು ತಿಂಗಳಾಯಿತು ಎನ್ನಲು ನಾವು ಯಾರು ಎಂದು ಸಿಟ್ಟು ಬರುವುದು ಸಹಜ. ಆದರೆ ಅದೇ ವರ್ಗೀಕರಣ ಇನ್ನೊಂದು ಮಾತನ್ನೂ ಸೇರಿಸಿದೆ: ಆ ವ್ಯಕ್ತಿಯ ಸಮಾಜ, ಸಂಸ್ಕೃತಿ, ಧರ್ಮ ಸಹಜವೆಂದು ಒಪ್ಪುವ ಅವಧಿಯನ್ನೂ ಅದು ಮೀರಿರಬೇಕು. ಅಂದರೆ ದುಃಖ ರೋಗವಲ್ಲ, ಆದರೆ ಕೆಲವೊಮ್ಮೆ ದುಃಖದೊಳಗೆ ರೋಗ ಬೇರು ಬಿಡುತ್ತದೆ. ಎಲ್ಲ ಕಣ್ಣೀರಿಗೂ ಮಾತ್ರೆ ಕೊಡುವುದು ಒಂದು ತಪ್ಪು. ಎಲ್ಲ ಕಾಯಿಲೆಯನ್ನೂ 'ಕಣ್ಣೀರು ತಾನೇ, ಒಣಗುತ್ತದೆ' ಎಂದು ಬಿಟ್ಟುಬಿಡುವುದು ಇನ್ನೊಂದು ತಪ್ಪು. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಎರಡನೆಯದು.

ಈ ಎರಡು ತಪ್ಪುಗಳ ನಡುವಿನ ದಾರಿಯನ್ನು ಹುಡುಕಿದವರಲ್ಲಿ ಕರ್ನಾಟಕದ ಸಂಶೋಧಕರು ಮುಂಚೂಣಿಯಲ್ಲಿದ್ದರೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ತಮ್ಮವರನ್ನು ಕಳೆದುಕೊಂಡವರ ಶೋಕವನ್ನು ನಿಮ್ಹಾನ್ಸ್‌ನ ಸಂಶೋಧಕರು ಅಭ್ಯಸಿಸಿ 1987ರಲ್ಲಿ ವರದಿ ಪ್ರಕಟಿಸಿದರು. ದುರಂತದ ನಂತರದ ಮನಸ್ಸನ್ನು ಕುರಿತು ನಮ್ಮ ದೇಶದಲ್ಲಿ ನಡೆದ ಮೊದಲ ಅಧ್ಯಯನಗಳಲ್ಲಿ ಅದೂ ಒಂದು. 1980ರ ದಶಕದಲ್ಲಿಯೇ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಇನ್ನೊಂದು ಪ್ರಯೋಗ ನಡೆಸಿತು. ಮನೋವೈದ್ಯರಿಗಾಗಿ ಕಾಯದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆಯನ್ನು ಗುರುತಿಸುವ ತರಬೇತಿ ಕೊಡುವುದು ಅದರ ತಿರುಳು.

ಈ ವಿಚಾರಕ್ಕೆ ದೊಡ್ಡ ಪರೀಕ್ಷೆ ಎದುರಾದದ್ದು ಭೋಪಾಲದಲ್ಲಿ. 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ವಿಷಾನಿಲ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಶ್ವಾಸಕೋಶ, ಕಣ್ಣುಗಳ ಬಗ್ಗೆ ಎಲ್ಲರೂ ಮಾತನಾಡುತ್ತಿದ್ದರು. ಮನಸ್ಸಿನ ಬಗ್ಗೆ ಕೇಳಿದವರು ವಿರಳ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಆರ್. ಶ್ರೀನಿವಾಸ ಮೂರ್ತಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಪ್ರಮುಖರು. 1985ರ ಆರಂಭದಲ್ಲಿ ಅನಿಲಪೀಡಿತ ಪ್ರದೇಶದ ಚಿಕಿತ್ಸಾಲಯಗಳಿಗೆ ಬಂದ ರೋಗಿಗಳನ್ನು ಲಖನೌದ ತಜ್ಞರ ತಂಡ ಪರೀಕ್ಷಿಸಿದಾಗ, ನೂರರಲ್ಲಿ ಸುಮಾರು 22 ಮಂದಿಗೆ ಮಾನಸಿಕ ಕಾಯಿಲೆ ಇರುವುದು ಕಂಡುಬಂತು. ಅವರೆಲ್ಲ ಬಂದಿದ್ದು ಕೆಮ್ಮು, ಎದೆನೋವು, ಸುಸ್ತು ಎಂದು ಹೇಳಿಕೊಂಡು. ಇಷ್ಟು ಜನರಿಗೆ ಸಾಕಾಗುವಷ್ಟು ಮನೋವೈದ್ಯರು ಅಲ್ಲಿರಲಿಲ್ಲ. ಆದುದರಿಂದ ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರು ತರಬೇತಿಯ ದಾರಿಯನ್ನೇ ಹಿಡಿದರು. ಅಲ್ಲಿನ ಸುಮಾರು 50 ಮಂದಿ ಸಾಮಾನ್ಯ ವೈದ್ಯರಿಗೆ ಕೆಲವು ದಿನಗಳ ತರಬೇತಿ ನೀಡಿದರು, ಅವರಿಗಾಗಿ ಒಂದು ಕೈಪಿಡಿ ಬರೆದರು. ಮುಂದೆ ಇದೇ ಡಾ. ಮೂರ್ತಿ, ಮಾನಸಿಕ ಆರೋಗ್ಯವನ್ನು ಕುರಿತ ವಿಶ್ವ ಆರೋಗ್ಯ ಸಂಸ್ಥೆಯ 2001ರ ವಿಶ್ವ ಆರೋಗ್ಯ ವರದಿಯ ಪ್ರಧಾನ ಸಂಪಾದಕರಾದರು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಯ ನಂತರ ನಿಮ್ಹಾನ್ಸ್ ಈ ದಾರಿಯನ್ನು ಇನ್ನೂ ಮುಂದಕ್ಕೆ ಒಯ್ದು ಊರಿನ ಸಾಮಾನ್ಯ ಜನರನ್ನೇ ಸಹಾಯಕರನ್ನಾಗಿ ತಯಾರು ಮಾಡಿತು.

ಇದು ವೈದ್ಯಕೀಯದ ಸಂಗತಿಯೆಂದು ಓದಿ ಮುಂದೆ ಹೋಗಬಹುದು. ಆದರೆ ಇದರಲ್ಲಿ ಒಂದು ನೈತಿಕ ಸಂಗತಿ ಅಡಗಿದೆ. ದುರಂತದ ಗಾಯಕ್ಕೆ ಮದ್ದು ತಜ್ಞರ ಬಳಿ ಮಾತ್ರ ಇದ್ದಿದ್ದರೆ, ತಜ್ಞರಿಲ್ಲ ಎಂದು ಹೇಳಿ ನಾವು ಕೈತೊಳೆದುಕೊಳ್ಳಬಹುದಿತ್ತು. ನೆರೆಮನೆಯವನು, ಶಿಕ್ಷಕಿ, ಅಂಗನವಾಡಿಯ ಕಾರ್ಯಕರ್ತೆ ಕೂಡ ಬಹುಪಾಲು ಕೆಲಸ ಮಾಡಬಲ್ಲರು ಎಂದು ಸಿದ್ಧವಾದ ಮೇಲೆ ಆ ನೆಪ ಉಳಿಯುವುದಿಲ್ಲ. ಮಾಡಬಲ್ಲವನು ಮಾಡದಿದ್ದರೆ ಅದಕ್ಕೆ ಉಪೇಕ್ಷೆ ಎನ್ನುತ್ತಾರೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಮಾಡಬಾರದ್ದನ್ನು ಹೇಳಬೇಕು. ದುರಂತಕ್ಕೆ ಸಿಲುಕಿದವರನ್ನೆಲ್ಲ ಕೂಡಲೇ ಕೂರಿಸಿ ನಡೆದದ್ದನ್ನು ಸವಿವರವಾಗಿ ಹೇಳಿಸಿದರೆ ಮನಸ್ಸು ಹಗುರವಾಗುತ್ತದೆಂದು ಒಂದು ಕಾಲದಲ್ಲಿ ತಜ್ಞರೇ ನಂಬಿದ್ದರು. ಅದರಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ನಂತರದ ಸಂಶೋಧನೆಗಳು ತೋರಿಸಿದವು. ಶವಾಗಾರದ ಎದುರು ಮೈಕು ಹಿಡಿದು 'ಈಗ ನಿಮಗೆ ಏನನಿಸುತ್ತದೆ?' ಎಂದು ಕೇಳುವ ಟಿ.ವಿ. ವಾಹಿನಿಗಳಿಗೆ ಇದು ಗೊತ್ತಿರಬೇಕಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ 'ಮಾನಸಿಕ ಪ್ರಥಮ ಚಿಕಿತ್ಸೆ'ಯ ಕೈಪಿಡಿ ಮೂರೇ ಕೆಲಸ ಹೇಳುತ್ತದೆ. ನೋಡುವುದು, ಆಲಿಸುವುದು, ಬೇಕಾದ ನೆರವಿಗೆ ಜೋಡಿಸುವುದು. ಮಾತನಾಡೆಂದು ಒತ್ತಾಯಿಸುವಂತಿಲ್ಲ. ಮೌನವಾಗಿ ಪಕ್ಕದಲ್ಲಿ ಕುಳಿತವನೂ ಆಲಿಸುತ್ತಿರುತ್ತಾನೆ.

ಇನ್ನೊಂದು ಆಕ್ಷೇಪ ಧಾರ್ಮಿಕರದು. ಸಂಕಟ ಬಂದಾಗ ಸಹನೆಯೇ ಧರ್ಮವಲ್ಲವೇ? ಮನೋವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲವೇ? ಸಹನೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಯಾವ ಧರ್ಮವೂ ಹೇಳಿಲ್ಲ. ಪ್ರವಾದಿ ಯಾಕೂಬರು ಮಗ ಯೂಸುಫರನ್ನು ಕಳೆದುಕೊಂಡಾಗ ಸುಂದರ ಸಹನೆಯ ಮಾತನ್ನು ಆಡಿದರು. ಅದೇ ಯಾಕೂಬರ ಕಣ್ಣುಗಳು ದುಃಖದಿಂದ ಬಿಳಿಚಿ ಹೋದುವೆಂದು ಕುರ್‌ಆನ್ ಹೇಳುತ್ತದೆ. ಗಮನಿಸಬೇಕು, ಅವರದೂ ಕಾಣೆಯಾದ ಮಗನ ದುಃಖವೇ. ಪ್ರವಾದಿ ಮುಹಮ್ಮದರು ತಮ್ಮ ಪುಟ್ಟ ಮಗ ಇಬ್ರಾಹೀಮರ ಮರಣದ ವೇಳೆ ಅತ್ತರು. ಮಹಾಭಾರತದಲ್ಲಿ ಯುದ್ಧ ಗೆದ್ದ ಮೇಲೆ ಒಂದು ಇಡೀ ಪರ್ವವನ್ನೇ ಅಳುವ ಹೆಂಗಸರಿಗಾಗಿ ಮೀಸಲಿಡಲಾಗಿದೆ. ಜ್ವರ ಬಂದಾಗ ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ ಎಂದಾದರೆ, ಮನಸ್ಸು ನೊಂದಾಗ ಹೋಗುವುದು ಹೇಗೆ ಕೊರತೆಯಾದೀತು? ಅಷ್ಟೇ ಅಲ್ಲ. ಸಹನೆ ನೊಂದವನು ತನಗೆ ತಾನೇ ಹೇಳಿಕೊಳ್ಳಬೇಕಾದ ಮಾತು. ನೋಯದವನು ಅದನ್ನು ಉಪದೇಶ ಮಾಡಿದರೆ, ತನ್ನ ಕರ್ತವ್ಯದಿಂದ ಜಾರಿಕೊಳ್ಳುವ ಮಾತಾಗುತ್ತದೆ.

ಕರ್ತವ್ಯಕ್ಕೆ ಇನ್ನೊಂದು ಮುಖವೂ ಇದೆ, ಅದು ಸತ್ಯ ಮತ್ತು ನ್ಯಾಯದ್ದು. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಕೆಂಜಾರಿನ ಕಣಿವೆಗೆ ಉರುಳಿದಾಗ 158 ಮಂದಿ ಸತ್ತರು, 8 ಮಂದಿ ಮಾತ್ರ ಬದುಕಿದರು. ಕಾಸರಗೋಡಿನಿಂದ ಉಡುಪಿಯವರೆಗೆ ಕರಾವಳಿಯ ಎಷ್ಟೋ ಊರುಗಳಲ್ಲಿ ಗಲ್ಫಿನಿಂದ ಬರುವವರನ್ನು ಎದುರುಗೊಳ್ಳಲು ಹೊರಟ ಕಾರುಗಳು ಶವಾಗಾರದ ಕಡೆಗೆ ತಿರುಗಿದವು. ಆ ದಿನ ಜಾತಿ ಧರ್ಮ ಕೇಳದೆ ಕಣಿವೆಗಿಳಿದು ಕರಕಲಾದ ದೇಹಗಳನ್ನು ಹೊತ್ತವರು ಅಕ್ಕಪಕ್ಕದ ಊರಿನ ಯುವಕರು. ಅವರನ್ನು ನಾವು ಹೊಗಳಿದೆವು. ಆ ರಾತ್ರಿ ಅವರಿಗೆ ನಿದ್ದೆ ಬಂತೇ ಎಂದು ಕೇಳಿದವರು ಎಷ್ಟು ಮಂದಿ? ಕೊನೆಗೂ ಗುರುತು ಸಿಗದ 12 ದೇಹಗಳನ್ನು ಒಟ್ಟಿಗೆ ಮಣ್ಣು ಮಾಡಬೇಕಾಯಿತು. ಯಾವ ಗೋರಿಯಲ್ಲಿ ತಮ್ಮವರಿದ್ದಾರೆಂದು ತಿಳಿಯದ ಆ ಮನೆಗಳಿಗೆ 'ಅಸ್ಪಷ್ಟ ನಷ್ಟ' ಎಂಬುದು ಪುಸ್ತಕದ ಮಾತಲ್ಲ.

ಆ ಮೇಲೆ ಪರಿಹಾರದ ವ್ಯಾಜ್ಯಗಳು ನಡೆದವು. ಒಂದು ಕುಟುಂಬದ ಮೊತ್ತವನ್ನು ಕುರಿತು ಸುಪ್ರೀಂ ಕೋರ್ಟಿನ ತೀರ್ಪು ಬಂದುದು 2020ರ ಮೇ ತಿಂಗಳಲ್ಲಿ, ಅಂದರೆ ಸರಿಯಾಗಿ ಹತ್ತು ವರ್ಷಗಳ ನಂತರ. ಕನ್ನಡದಲ್ಲಿ 'ಪರಿಹಾರ' ಎಂಬ ಪದಕ್ಕೆ ನಷ್ಟಕ್ಕೆ ಕೊಡುವ ಹಣವೆಂಬ ಅರ್ಥವೂ ಇದೆ, ಸಂಕಟ ನೀಗುವುದು ಎಂಬ ಅರ್ಥವೂ ಇದೆ. ಹಣದ ಪರಿಹಾರವೇ ಹತ್ತು ವರ್ಷದ ಹೋರಾಟವಾದರೆ ಅದು ಸಂಕಟವನ್ನು ನೀಗುವುದಿಲ್ಲ, ಪ್ರತಿ ವಿಚಾರಣೆಯ ದಿನವೂ ಗಾಯವನ್ನು ಮತ್ತೆ ತೆರೆಯುತ್ತದೆ. ಅದರ ಮೇಲೆ 'ಹಣಕ್ಕಾಗಿ ಅಳುತ್ತಾರೆ' ಎಂಬ ಊರಿನ ಮಾತು ಬೇರೆ. ಭೋಪಾಲದ ಜನರೂ ಈ ಮಾತನ್ನು ಕೇಳಿದ್ದಾರೆ. ಯಾರು ತಪ್ಪು ಮಾಡಿದರು, ಏನು ನಡೆಯಿತು ಎಂದು ಬೇಗನೆ ಪ್ರಾಮಾಣಿಕವಾಗಿ ಹೇಳುವುದು ಸರಕಾರದ, ಕಂಪೆನಿಗಳ ಕರ್ತವ್ಯ. ಅವರು ಅದನ್ನು ತಪ್ಪಿಸಿದರೆ, ನಂತರ ಬರುವ ಕಾಯಿಲೆಯಲ್ಲಿ ಅವರಿಗೂ ಪಾಲಿದೆ. ಅದನ್ನು ಸಂತ್ರಸ್ತನ ದುರ್ಬಲ ಮನಸ್ಸಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ನಮ್ಮ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ ಚಿಕಿತ್ಸೆ ನಮಗೆ ದೂರದ ಮಾತಲ್ಲ. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜಿದೆ, ಉಡುಪಿಯಲ್ಲಿ ಮನೋವೈದ್ಯರಿದ್ದಾರೆ. ಕಾಪುವಿನಿಂದಲೋ ಕಾರ್ಕಳದಿಂದಲೋ ಹೊರಟರೆ ಬಸ್ಸಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿ. ಆದರೂ ಆ ದಾರಿ ಬಹಳ ಉದ್ದ. ಹೃದಯದ ತೊಂದರೆಗೆ ಮಣಿಪಾಲಕ್ಕೆ ಹೋದೆವೆಂದು ನಾವು ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತೇವೆ. ಮನಸ್ಸಿನ ತೊಂದರೆಗೆ ಹೋಗುವವರು ಪಕ್ಕದ ಸೀಟಿನವನಿಗೆ ಬೇರೆ ಕಾರಣ ಹೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕಾಯಿದೆಯೂ ಇದೆ, ಫೋನೂ ಇದೆ. ನಾಚಿಕೆಯನ್ನು ತೆಗೆಯುವ ಕೆಲಸವನ್ನು ಮಾತ್ರ ಯಾವ ಕಾಯಿದೆಯೂ ಮಾಡಲಾರದು, ಅದನ್ನು ನಾವು ಮಾಡಬೇಕು.

ದುರಂತಕ್ಕೆ ಸಿಲುಕಿದವರಲ್ಲಿ ಹೆಚ್ಚಿನವರು ಕಾಲಕ್ರಮೇಣ ಚೇತರಿಸಿಕೊಳ್ಳುತ್ತಾರೆ. ಆದರೆ ಕಾಲ ತನ್ನಷ್ಟಕ್ಕೆ ಯಾರನ್ನೂ ಗುಣಪಡಿಸುವುದಿಲ್ಲ. ಆ ಕಾಲದಲ್ಲಿ ಬಂದು ಹೋಗುವ ಮನುಷ್ಯರು ಗುಣಪಡಿಸುತ್ತಾರೆ. ಮಸೀದಿ, ದೇವಸ್ಥಾನ, ಚರ್ಚುಗಳ ಸಮಿತಿಗಳು, ಮೀನುಗಾರರ ಸಂಘಗಳು, ಯುವಕ ಮಂಡಲಗಳು ಮೊದಲ ವಾರದ ನೆರವಿಗೆ ಪಟ್ಟಿ ಮಾಡುವಂತೆ ಆರನೆಯ ತಿಂಗಳಿಗೂ ಒಂದು ಪಟ್ಟಿ ಮಾಡಬಾರದೇಕೆ? ಯಾವ ಮನೆಗೆ ಯಾರು ಹೋಗಬೇಕು, ಯಾವ ಮಗು ಶಾಲೆ ಬಿಟ್ಟಿದೆ, ಯಾರಿಗೆ ವೈದ್ಯರ ಅಗತ್ಯವಿದೆ, ಅವರ ಜೊತೆ ಬಸ್ಸಿನಲ್ಲಿ ಮಣಿಪಾಲದವರೆಗೆ ಹೋಗುವವರು ಯಾರು ಎಂದು ಬರೆದಿಡಲು ಒಂದು ನೋಟ್ ಪುಸ್ತಕ ಸಾಕು. ಮುಂದಿನ ಸಲ ನಾವು ಅಂಥ ಮನೆಯ ಅಂಗಳ ದಾಟುವಾಗ, ಮತ್ತೆ ಯಾವಾಗ ಬರುತ್ತೇವೆಂದು ಹೇಳಿ ಹೊರಡೋಣ. ಹೇಳಿದ ದಿನ ಹೋಗೋಣ.